ಬೆನ್ನಿಗೆ ಬ್ರೇಸ್ ಬಂದಾಗ: ಮನೆಯವರು ಮಾಡಬೇಕಾದದ್ದು

ಮೊದಲ ರಾತ್ರಿ ನಮ್ಮ ಮಗಳು ಬ್ರೇಸ್ ಹಾಕಿಕೊಂಡು ಮಲಗಿದ್ದು ಒಂದೂವರೆ ಗಂಟೆ. ಪಕ್ಕಕ್ಕೆ ಬಾಗಿದ ಬೆನ್ನುಮೂಳೆ ಇನ್ನಷ್ಟು ಬಾಗದಂತೆ ಮೈಗೆ ಬಿಗಿಯುವ ಗಟ್ಟಿ ಪ್ಲಾಸ್ಟಿಕ್ ಕವಚ ಅದು. ಆಮೇಲೆ ಕತ್ತಲಲ್ಲಿ ವೆಲ್ಕ್ರೋ ಪಟ್ಟಿ ಪರ್ರನೆ ಕಿತ್ತ ಸದ್ದು ಕೇಳಿಸಿತು. ಬೆಳಿಗ್ಗೆ ನೋಡಿದರೆ ಬ್ರೇಸ್ ಮಂಚದ ಕೆಳಗಿತ್ತು. ಆರನೆಯ ವಾರಕ್ಕೆ ಅದೇ ಹುಡುಗಿ ಅದನ್ನು ಹಾಕಿಕೊಂಡೇ ಬೆಳಗಿನವರೆಗೆ ನಿದ್ದೆ ಹೊಡೆಯುತ್ತಿದ್ದಳು. ಈ ಎರಡರ ನಡುವೆ ನಾವು ಎಡವಿ ಕಲಿತದ್ದನ್ನೂ ಮುಂದಿನ ಎರಡೂವರೆ ವರ್ಷಗಳಲ್ಲಿ ವೈದ್ಯರಿಂದ, ಬ್ರೇಸ್ ತಯಾರಿಸುವವರಿಂದ, ಫಿಸಿಯೋಥೆರಪಿಯವರಿಂದ ಕೇಳಿ ತಿಳಿದದ್ದನ್ನೂ ಇಲ್ಲಿ ಬರೆದಿದ್ದೇನೆ. ಬ್ರೇಸ್ ಬೇಕೋ ಬೇಡವೋ ಎಂಬ ತೀರ್ಮಾನ ವೈದ್ಯರದು. ಅದು ಕಪಾಟಿನಲ್ಲಿರದೆ ಮೈಮೇಲಿರುವಂತೆ ನೋಡಿಕೊಳ್ಳುವ ಕೆಲಸ ಮಾತ್ರ ಪೂರ್ತಿ ಮನೆಯದು.

ಮೊದಲು ಎಕ್ಸ್‌ರೇ ಓದಲು ಕಲಿಯಿರಿ

ಬೆನ್ನುಮೂಳೆ ಪಕ್ಕಕ್ಕೆ ಬಾಗಿ, ಜೊತೆಗೆ ತುಸು ತಿರುಚಿಕೊಳ್ಳುವುದನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ಎಷ್ಟು ಬಾಗಿದೆ ಎಂಬುದನ್ನು ಎಕ್ಸ್‌ರೇ ಮೇಲೆ ಗೆರೆ ಎಳೆದು ಅಳೆಯುತ್ತಾರೆ. ಬಾಗಿನ ಮೇಲ್ತುದಿಯ ಕಶೇರುಕಕ್ಕೆ (ಬೆನ್ನುಮೂಳೆಯ ಒಂದು ಬಿಲ್ಲೆ) ಒಂದು ಗೆರೆ, ಕೆಳತುದಿಯದಕ್ಕೆ ಇನ್ನೊಂದು. ಇವೆರಡರ ನಡುವಿನ ಕೋನವೇ ಕಾಬ್ ಕೋನ. ಅಮೆರಿಕದ ಮೂಳೆತಜ್ಞ ಜಾನ್ ಕಾಬ್ 1948ರಲ್ಲಿ ವಿವರಿಸಿದ ಈ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದನ್ನು ಸ್ಕೋಲಿಯೋಸಿಸ್ ಎಂದು ಕರೆಯುವುದಿಲ್ಲ. 25ರವರೆಗೆ ಸಾಮಾನ್ಯವಾಗಿ ಕಾದು ನೋಡುತ್ತಾರೆ. 25ರಿಂದ 40ರ ನಡುವೆ ಇದ್ದು ಮಗು ಇನ್ನೂ ಬೆಳೆಯುತ್ತಿದ್ದರೆ ಬ್ರೇಸ್‌ನ ಮಾತು ಬರುತ್ತದೆ. 45–50 ದಾಟಿದರೆ ಶಸ್ತ್ರಚಿಕಿತ್ಸೆಯ ಚರ್ಚೆ ಶುರುವಾಗುತ್ತದೆ.

‘ಇನ್ನೂ ಬೆಳೆಯುತ್ತಿದ್ದರೆ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 28 ಡಿಗ್ರಿ ಇರುವ ಹನ್ನೊಂದರ ಹುಡುಗಿಯೂ 28 ಡಿಗ್ರಿಯೇ ಇರುವ ಹದಿನಾರರ ಹುಡುಗಿಯೂ ಒಂದೇ ಅಲ್ಲ. ಮೊದಲಿನವಳ ಮುಂದೆ ಎತ್ತರ ಬೆಳೆಯುವ ಇಡೀ ಕಾಲವಿದೆ. ಬಾಗು ಹೆಚ್ಚುವುದು ಆಗಲೇ. ಬೆಳವಣಿಗೆ ಎಷ್ಟು ಉಳಿದಿದೆ ಎಂದು ತಿಳಿಯಲು ಸೊಂಟದ ಮೂಳೆಯ ಅಂಚು ಎಷ್ಟು ಗಟ್ಟಿಯಾಗಿದೆ ಎಂದು ನೋಡುತ್ತಾರೆ. ಇದು ರಿಸ್ಸರ್ ಅಂಕ, 0ರಿಂದ 5ರವರೆಗೆ. ಕೆಲವರು ಕೈಯ ಎಕ್ಸ್‌ರೇಯನ್ನೂ ತೆಗೆಸುತ್ತಾರೆ. ಹೆಣ್ಣುಮಕ್ಕಳಲ್ಲಿ ಮುಟ್ಟು ಯಾವಾಗ ಶುರುವಾಯಿತು ಎಂದು ಕೇಳುವುದೂ ಇದಕ್ಕಾಗಿಯೇ. ತಿಂಗಳು, ವರ್ಷ ನೆನಪಿಟ್ಟುಕೊಂಡು ಹೋಗಿ.

ಇನ್ನೊಂದು ಸಂಗತಿ ಮೊದಲೇ ಗೊತ್ತಿದ್ದರೆ ನಾವು ಒಂದು ವಾರದ ನಿದ್ದೆ ಉಳಿಸಿಕೊಳ್ಳುತ್ತಿದ್ದೆವು. ಕಾಬ್ ಕೋನವನ್ನು ಅಳೆಯುವಾಗ ಸುಮಾರು 5 ಡಿಗ್ರಿಯಷ್ಟು ಹೆಚ್ಚುಕಮ್ಮಿ ಸಹಜ. 31 ಇದ್ದದ್ದು 33 ಆಯಿತೆಂದು ಮನೆಯಲ್ಲಿ ಸೂತಕದ ಮುಖ ಹೊರಬೇಕಿಲ್ಲ. ಸಾಧ್ಯವಾದಷ್ಟೂ ಒಂದೇ ಕಡೆ ಎಕ್ಸ್‌ರೇ ತೆಗೆಸಿ, ಪ್ರತಿಯೊಂದರ ಪ್ರತಿಯನ್ನೂ ದಿನಾಂಕ ಬರೆದು ಜೋಡಿಸಿಡಿ. ಎಕ್ಸ್‌ರೇ ಬೆನ್ನಿನ ಕಡೆಯಿಂದ ಎದೆಯ ಕಡೆಗೆ ಹಾಯುವಂತೆ ತೆಗೆದರೆ ಎದೆಗೆ ತಗಲುವ ವಿಕಿರಣ ಕಡಿಮೆ. ಹಾಗೆ ತೆಗೆಯುತ್ತಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮತ್ತೆ, ಯಾರ ತಪ್ಪು ಎಂಬ ಪ್ರಶ್ನೆ. ಹದಿಹರೆಯದಲ್ಲಿ ಕಾಣಿಸಿಕೊಳ್ಳುವ ಸ್ಕೋಲಿಯೋಸಿಸ್‌ನ ಬಹುಪಾಲಿಗೆ ಇಂಥದೇ ಕಾರಣ ಎಂದು ಬೊಟ್ಟು ಮಾಡಲಾಗುವುದಿಲ್ಲ. ಮನೆತನದಲ್ಲಿ ಹರಿದು ಬರುವ ಪಾಲು ಇದೆ. ಭಾರದ ಶಾಲಾ ಚೀಲ, ಗೂನು ಹಾಕಿ ಕೂರುವುದು, ಮೊಬೈಲ್, ಒಂದೇ ಮಗ್ಗುಲಲ್ಲಿ ಮಲಗುವುದು ಇವು ಯಾವುವೂ ಇದನ್ನು ತರುವುದಿಲ್ಲ. ‘ನೆಟ್ಟಗೆ ಕೂರು ಅಂತ ಎಷ್ಟು ಸಲ ಹೇಳಿದ್ದೆ’ ಎಂದು ಮಗುವಿಗೆ ಅಂದಿದ್ದರೆ ಇವತ್ತೇ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಿ. ನಾನು ತೆಗೆದುಕೊಂಡೆ, ಸ್ವಲ್ಪ ತಡವಾಗಿ.

ಬ್ರೇಸ್‌ನಿಂದ ಏನು ನಿರೀಕ್ಷಿಸಬಹುದು

ಬ್ರೇಸ್ ಬೆನ್ನನ್ನು ನೆಟ್ಟಗೆ ಮಾಡಿಕೊಡುತ್ತದೆ ಎಂದುಕೊಂಡರೆ ಕೊನೆಗೆ ನಿರಾಸೆ ಖಚಿತ. ಅದರ ಕೆಲಸ ಬಾಗು ಹೆಚ್ಚದಂತೆ ತಡೆಹಿಡಿಯುವುದು, ಬೆಳವಣಿಗೆ ಮುಗಿಯುವವರೆಗೆ ಕಾವಲು ಕಾಯುವುದು. 31ರಲ್ಲಿ ಶುರುವಾಗಿ ಬೆಳವಣಿಗೆ ಮುಗಿದಾಗಲೂ 31ರಲ್ಲೇ ನಿಂತರೆ ಅದು ಗೆಲುವು. ಇದನ್ನು ಮಗುವಿಗೂ ಮೊದಲ ದಿನವೇ ಹೇಳಿ. ಇಲ್ಲದಿದ್ದರೆ ‘ಇಷ್ಟು ಕಷ್ಟಪಟ್ಟರೂ ಏನೂ ಬದಲಾಗಲಿಲ್ಲ’ ಎಂದು ಪ್ರತಿ ಎಕ್ಸ್‌ರೇ ದಿನವೂ ಅಳು.

ಬ್ರೇಸ್ ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂಬ ವಾದಕ್ಕೆ 2013ರಲ್ಲಿ ಒಂದು ದೊಡ್ಡ ಉತ್ತರ ಸಿಕ್ಕಿತು. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ನಡೆದ, ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಅಧ್ಯಯನ ಅದು. ಬ್ರೇಸ್ ಕೊಟ್ಟ ಮಕ್ಕಳಲ್ಲಿ 72 ಶೇಕಡಾ ಮಂದಿಯ ಬಾಗು, ಬೆಳವಣಿಗೆ ಮುಗಿಯುವವರೆಗೂ 50 ಡಿಗ್ರಿ ಮುಟ್ಟಲಿಲ್ಲ. ಬ್ರೇಸ್ ಇಲ್ಲದೆ ಕಾದು ನೋಡಿದವರಲ್ಲಿ ಈ ಪ್ರಮಾಣ 48 ಶೇಕಡಾ. ನನಗೆ ಇದಕ್ಕಿಂತ ಮುಖ್ಯವೆನಿಸಿದ್ದು ಬೇರೆಯದು. ಬ್ರೇಸ್‌ಗಳೊಳಗೆ ಮೈಶಾಖ ಗುರುತಿಸುವ ಪುಟ್ಟ ಸಾಧನ ಇಟ್ಟು, ಮಕ್ಕಳು ನಿಜವಾಗಿ ಎಷ್ಟು ಹೊತ್ತು ಹಾಕಿಕೊಂಡರೆಂದು ಅಳೆದಿದ್ದರು. ದಿನಕ್ಕೆ ಸರಾಸರಿ 13 ಗಂಟೆ, ಅದಕ್ಕೂ ಹೆಚ್ಚು ಹಾಕಿಕೊಂಡವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ಬಾಗು 50 ಮುಟ್ಟಲಿಲ್ಲ. ಆರು ಗಂಟೆಯೊಳಗೇ ಮುಗಿಸಿದವರಿಗೆ, ಬ್ರೇಸ್ ಹಾಕದವರಿಗಿಂತ ಹೆಚ್ಚಿನದೇನೂ ದಕ್ಕಲಿಲ್ಲ.

ಅಂದರೆ ಎಲ್ಲವೂ ಗಂಟೆಗಳ ಮೇಲೆ ನಿಂತಿದೆ. ಅಂದಹಾಗೆ, ಆ ಅಧ್ಯಯನದಲ್ಲಿ ಮಕ್ಕಳಿಗೆ ಹೇಳಿದ್ದು ಕನಿಷ್ಠ 18 ಗಂಟೆ. 13ರ ಅಂಕಿಯನ್ನು ನಿಮ್ಮ ಹೊಟ್ಟೆಯಲ್ಲಿಟ್ಟುಕೊಳ್ಳಿ. ಮಗುವಿಗೆ 13 ಸಾಕು ಅಂದರೆ 9ಕ್ಕೆ ಇಳಿಯುತ್ತದೆ, 18 ಅಂದರೆ 14ಕ್ಕಾದರೂ ನಿಲ್ಲುತ್ತದೆ.

ಅಳತೆಯ ದಿನ

ಹಗಲಿರುಳು ಹಾಕುವ ಗಟ್ಟಿ ಪ್ಲಾಸ್ಟಿಕ್ ಬ್ರೇಸ್‌ಗಳಲ್ಲಿ ಬಾಸ್ಟನ್ ಮಾದರಿಯ ಪಟ್ಟಿಗಳು ಬೆನ್ನ ಹಿಂದೆ ಬರುತ್ತವೆ, ಶೆನೋ ಮಾದರಿಯವು ಮುಂದೆ. ಪ್ರಾವಿಡೆನ್ಸ್, ಚಾರ್ಲ್ಸ್‌ಟನ್ ಎಂಬವು ರಾತ್ರಿ ಮಾತ್ರ ಹಾಕುವಂಥವು. ಎಲ್ಲ ಬಗೆಯ ಬಾಗಿಗೂ ಒಗ್ಗುವುದಿಲ್ಲ. ಹೆಸರಿಗಿಂತ ತಯಾರಿಸುವವರ ಕೈಚಳಕ ಮುಖ್ಯ. ಹದಿಹರೆಯದವರಿಗೆ ಇಂಥ ಬ್ರೇಸ್‌ಗಳನ್ನು ನಿಯಮಿತವಾಗಿ ಮಾಡುತ್ತೀರಾ, ಮೊದಲ ತಿಂಗಳಲ್ಲಿ ಎಷ್ಟು ಸಲ ಬಂದು ಸರಿಪಡಿಸಿಕೊಳ್ಳಬಹುದು ಎಂದು ಕೇಳಿ. ಉತ್ತರ ಕೊಡುವ ಧಾಟಿಯಲ್ಲೇ ಅರ್ಧ ಗೊತ್ತಾಗುತ್ತದೆ.

ಅಳತೆಗೆ ಮೈಮೇಲೆ ಪ್ಲಾಸ್ಟರ್ ಸುತ್ತಬಹುದು, ಇಲ್ಲವೇ ಸ್ಕ್ಯಾನರ್ ಹಿಡಿದು ಸುತ್ತಲೂ ಓಡಾಡಬಹುದು. ಎರಡರಲ್ಲೂ ಮಗು ಬಿಗಿಯಾದ ತೆಳು ಬನಿಯನ್‌ನಲ್ಲಿ ಅಪರಿಚಿತರ ಮುಂದೆ ನಿಲ್ಲಬೇಕು. ಕೋಣೆಯಲ್ಲಿ ಯಾರಿರಬೇಕು, ಯಾರು ಹೊರಗಿರಬೇಕು ಎಂದು ಮಗುವನ್ನೇ ಮೊದಲು ಕೇಳಿ. ನಮ್ಮವಳು ಅಪ್ಪ ಅಮ್ಮ ಇಬ್ಬರನ್ನೂ ಹೊರಗೆ ಕಳಿಸಿ ಚಿಕ್ಕಮ್ಮನನ್ನು ಒಳಗೆ ಕರೆದುಕೊಂಡಳು.

ಬ್ರೇಸ್ ಸಿದ್ಧವಾದ ಮೇಲೆ ಅದನ್ನು ಹಾಕಿಸಿ ಕೂರಿಸಿ ನೋಡಿ. ಮುಂದಿನ ಅಂಚು ತೊಡೆಗೆ ಚುಚ್ಚಬಾರದು, ಕಂಕುಳಿನ ಅಂಚು ಕೊರೆಯಬಾರದು. ಬಾಗನ್ನು ಒತ್ತಲು ಬ್ರೇಸ್‌ನ ಒಳಗೆ ಇಟ್ಟಿರುವ ಪುಟ್ಟ ದಿಂಬುಗಳ ಎದುರು ಮಗ್ಗುಲಲ್ಲಿ ಖಾಲಿ ಜಾಗ ಕಂಡರೆ ಅದು ತಯಾರಿಯ ದೋಷವಲ್ಲ. ಮೈ ಸರಿದುಕೊಳ್ಳಲೆಂದೇ ಬಿಟ್ಟ ಜಾಗ. ಕೆಲವು ವಾರಗಳ ನಂತರ ಬ್ರೇಸ್ ಹಾಕಿಕೊಂಡೇ ಒಂದು ಎಕ್ಸ್‌ರೇ ತೆಗೆಯುತ್ತಾರೆ. ಬ್ರೇಸ್‌ನೊಳಗೆ ಬಾಗು ಅರ್ಧಕ್ಕೆ ಹತ್ತಿರ ಇಳಿದಿದ್ದರೆ ಒಳ್ಳೆಯ ಸೂಚನೆ. ಏನೂ ಇಳಿದಿಲ್ಲವಾದರೆ, ಹೀಗೇ ಮುಂದುವರಿಯಬೇಕೇ ಅಥವಾ ಬ್ರೇಸ್ ತಿದ್ದಬೇಕೇ ಎಂದು ಬಿಡದೆ ಕೇಳಿ.

ಹಾಕುವ ಕ್ರಮ

ನೋಡಲು ಸುಲಭ, ಮಾಡಲು ಅಭ್ಯಾಸ ಬೇಕು. ಪಟ್ಟಿಗಳ ಸರದಿ ಬ್ರೇಸ್‌ನಿಂದ ಬ್ರೇಸ್‌ಗೆ ಬದಲಾಗುತ್ತದೆ, ಆದ್ದರಿಂದ ತಯಾರಿಸಿದವರು ಹಾಕಿ ತೋರಿಸುವಾಗ ಮೊಬೈಲ್‌ನಲ್ಲಿ ಚಿತ್ರೀಕರಿಸಿಕೊಳ್ಳಿ. ನಮ್ಮಲ್ಲಿ ಹೀಗೆ ಸಾಗುತ್ತಿತ್ತು.

1. ಒಳಗೆ ಹೊಲಿಗೆ ಇಲ್ಲದ, ಇದ್ದರೂ ಮಗ್ಗುಲಲ್ಲಿ ದಪ್ಪಗಿಲ್ಲದ, ಮೈಗಂಟುವ ಬನಿಯನ್. ಬ್ರೇಸ್‌ಗಿಂತ ಉದ್ದವಿರಬೇಕು. ಹೊಲಿಗೆ ಒಳಗೇ ಇರುವ ಬನಿಯನ್ ಮಾತ್ರ ಸಿಕ್ಕರೆ ತಿರುವಿ ಹಾಕಿ, ಹೊಲಿಗೆ ಹೊರಗೆ ಹೋಗುತ್ತದೆ. ಒಳಚಡ್ಡಿ ಬ್ರೇಸ್‌ನ ಮೇಲೆ ಬಂದರೆ ಶೌಚಾಲಯಕ್ಕೆ ಹೋಗುವಾಗ ಬ್ರೇಸ್ ಬಿಚ್ಚುವ ಕೆಲಸವಿಲ್ಲ.

2. ನಿಂತೇ ಬ್ರೇಸ್ ಅಗಲಿಸಿ, ಮಗ್ಗುಲಿಂದ ಮೈ ತೂರಿಸಿ. ಒಳಗಿನ ಸೊಂಟದ ತಗ್ಗು ಮೈಯ ಸೊಂಟದ ತಗ್ಗಿನಲ್ಲೇ, ಸೊಂಟದ ಮೂಳೆಗಳ ಸ್ವಲ್ಪ ಮೇಲೆ ಕೂರಬೇಕು. ಒಂದು ಬೆರಳಿನಷ್ಟು ಮೇಲೆ ಕೂತರೂ ಒತ್ತುವ ದಿಂಬು ತಪ್ಪು ಪಕ್ಕೆಲುಬನ್ನು ಒತ್ತುತ್ತದೆ.

3. ಪಟ್ಟಿಗಳನ್ನು ಸಡಿಲವಾಗಿ ತೂರಿಸಿ. ಈಗ ಬನಿಯನ್‌ನ ಕೆಳಅಂಚು ಹಿಡಿದು ಸುತ್ತಲೂ ಕೆಳಕ್ಕೆ ಎಳೆಯಿರಿ. ಬೆನ್ನ ಮೇಲೆ ಒಂದೇ ಒಂದು ಸುಕ್ಕು ಉಳಿದರೂ ಎರಡು ಗಂಟೆಯಲ್ಲಿ ಅದರ ಅಚ್ಚು ಚರ್ಮದ ಮೇಲೆ ಕೆಂಪು ದಾರದಂತೆ ಮೂಡುತ್ತದೆ.

4. ಮೊಣಕಾಲು ಮಡಚಿ ಅಂಗಾತ ಮಲಗಿಸಿ, ಉಸಿರು ಹೊರಬಿಡಲು ಹೇಳಿ, ಸೊಂಟದ ಪಟ್ಟಿಯನ್ನು ಮೊದಲು ಬಿಗಿಯಿರಿ. ಆಮೇಲೆ ಉಳಿದವು. ಬೆನ್ನ ಹಿಂದೆ ಪಟ್ಟಿ ಇರುವ ಬ್ರೇಸ್ ಆದರೆ ಬೋರಲು ಮಲಗಿಸಬೇಕು, ಇಲ್ಲವೇ ಗೋಡೆ ಹಿಡಿದು ನಿಲ್ಲಿಸಬೇಕು.

5. ಎದ್ದು ಹತ್ತು ಹದಿನೈದು ನಿಮಿಷ ಓಡಾಡಿದ ಮೇಲೆ ಇನ್ನೊಮ್ಮೆ ಬಿಗಿಯಿರಿ. ಈ ಎರಡನೆಯ ಎಳೆತವನ್ನೇ ಎಲ್ಲರೂ ಮರೆಯುವುದು.

ಪಟ್ಟಿ ಎಲ್ಲಿಗೆ ಬರಬೇಕೋ ಅಲ್ಲಿ ಅಳಿಸದ ಮಾರ್ಕರ್ ಪೆನ್ನಿನಿಂದ ಗೆರೆ ಹಾಕಿಸಿಕೊಳ್ಳಿ. ಆಗ ‘ಬಿಗಿ ಆಯಿತಾ ಇಲ್ಲವಾ’ ಎಂಬ ಜಗಳವೇ ಇರುವುದಿಲ್ಲ. ಗೆರೆ ಮುಟ್ಟಿದರೆ ಆಯಿತು. ಮಗುವಿಗೆ ನೋವಾಗುತ್ತದೆಂದು ಕರುಣೆಯಿಂದ ಸಡಿಲ ಬಿಡುವುದು ತಿರುಗುಬಾಣ. ಸಡಿಲವಿದ್ದಾಗ ಬ್ರೇಸ್ ಮೈಮೇಲೆ ಜಾರಾಡಿ ಉಜ್ಜುತ್ತದೆ, ಹುಣ್ಣಾಗುವುದು ಆಗಲೇ. ಬಿಗಿಯಾಗಿ ನಿಂತ ಬ್ರೇಸ್ ಒತ್ತುತ್ತದೆಯೇ ಹೊರತು ಅಷ್ಟಾಗಿ ಉಜ್ಜುವುದಿಲ್ಲ.

ಮೊದಲ ಎರಡು ವಾರ

ಮೊದಲ ದಿನವೇ 18 ಗಂಟೆ ಎಂದು ಹಟ ಹಿಡಿಯಬೇಡಿ. ಒಂದೆರಡು ಗಂಟೆ ಹಾಕಿ, ಬಿಚ್ಚಿ, ಚರ್ಮ ನೋಡಿ, ಮತ್ತೆ ಹಾಕಿ. ದಿನದಿನಕ್ಕೆ ಏರಿಸುತ್ತಾ ವಾರ ಎರಡು ವಾರದಲ್ಲಿ ಹೇಳಿದ ಲೆಕ್ಕ ಮುಟ್ಟಿದರೆ ಸರಿ. ನಾವು ಮಾಡಿದ ದೊಡ್ಡ ತಪ್ಪು ರಾತ್ರಿಯಿಂದ ಶುರು ಮಾಡಿದ್ದು. ಹಗಲಿನಲ್ಲಿ ಮನೆಯಲ್ಲೇ, ಮಗುವಿಗೆ ಇಷ್ಟವಾದ ಏನನ್ನಾದರೂ ನೋಡುತ್ತಾ ಕೂತಾಗ ಶುರು ಮಾಡಿ. ಹಗಲು ನಾಲ್ಕೈದು ಗಂಟೆ ಒಗ್ಗಿದ ಮೇಲೆ ರಾತ್ರಿಗೆ ಹೋಗಿ. ಮಲಗುವಾಗ ಮೊಣಕಾಲ ಕೆಳಗೆ, ಮಗ್ಗುಲಾದರೆ ಮೊಣಕಾಲುಗಳ ನಡುವೆ, ಒಂದು ದಿಂಬು ಇಟ್ಟರೆ ಎಷ್ಟೋ ಹಾಯಿ.

ಚರ್ಮವನ್ನು ದಿನವೂ ನೋಡಲೇಬೇಕು. ದಿಂಬು ಒತ್ತಿದ ಕಡೆ ಗುಲಾಬಿ, ಕೆಂಪು ಬಣ್ಣ ಬಂದು ಬಿಚ್ಚಿದ ಅರ್ಧ ಗಂಟೆಯೊಳಗೆ ಮಾಯವಾದರೆ ಚಿಂತೆಯಿಲ್ಲ; ಚರ್ಮದ ಬಣ್ಣ ಗಾಢವಾಗಿದ್ದರೆ ಕೆಂಪಿನ ಬದಲು ಆ ಜಾಗ ಇನ್ನಷ್ಟು ಕಪ್ಪಾಗಿ, ಬಿಸಿಯಾಗಿ ತೋರಬಹುದು. ಅರ್ಧ ಗಂಟೆ ಕಳೆದರೂ ಉಳಿದರೆ, ನೀಲಿಗಟ್ಟಿದರೆ, ಗುಳ್ಳೆ ಎದ್ದರೆ, ಚರ್ಮ ಕಿತ್ತುಬಂದರೆ ಬ್ರೇಸ್ ತೆಗೆದು ತಯಾರಿಸಿದವರಿಗೆ ಅದೇ ದಿನ ಫೋನ್ ಮಾಡಿ. ಅಂಚು ಕತ್ತರಿಸುವುದು, ದಿಂಬು ಸರಿಸುವುದು ಅವರಿಗೆ ಸಣ್ಣ ಕೆಲಸ. ನೀವೇ ಹತ್ತಿ, ಸ್ಪಂಜು ತುರುಕಿ ಸರಿಪಡಿಸಲು ಹೋಗಬೇಡಿ. ಒತ್ತಡದ ಲೆಕ್ಕವೆಲ್ಲ ಕೆಡುತ್ತದೆ.

ಬ್ರೇಸ್‌ನ ಅಡಿಯಲ್ಲಿ ಕ್ರೀಮು, ಎಣ್ಣೆ ಬೇಡ. ಚರ್ಮ ಮೆತ್ತಗಾಗಿ ಬೇಗ ಸುಲಿಯುತ್ತದೆ. ದಿನಾ ಸ್ನಾನ, ಚೆನ್ನಾಗಿ ಒರೆಸಿಕೊಳ್ಳುವುದು, ಒಗೆದ ಬನಿಯನ್, ಅಷ್ಟೇ ಸಾಕು. ಸೆಕೆಯಲ್ಲಿ ಬನಿಯನ್ ದಿನಕ್ಕೆ ಎರಡು ಮೂರು ಸಲ ಬದಲಿಸಬೇಕಾಗುತ್ತದೆ. ಬ್ರೇಸ್‌ನ ಒಳಗನ್ನು ಸೋಪು ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ನೆರಳಿನಲ್ಲಿ ಆರಿಸಿ. ಬಿಸಿಲಿಗೆ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗಬಹುದು.

ಗಂಟೆಗಳ ಲೆಕ್ಕ ಯಾರದು?

18 ಗಂಟೆ ಹಾಕಬೇಕೆಂದರೆ ಬಿಚ್ಚಿಡಲು ಆರು ಗಂಟೆ ಇದೆ. ಆ ಆರು ಗಂಟೆಯನ್ನು ಚಿಲ್ಲರೆ ಮಾಡಿ ಕಳೆದರೆ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಆಟ, ಸ್ನಾನ, ವ್ಯಾಯಾಮ ಇವನ್ನೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಇಟ್ಟು, ಒಂದೇ ಸಲ ಬಿಚ್ಚಿ ಒಂದೇ ಸಲ ಹಾಕಿ. ಬಿಚ್ಚುವ ಸಮಯವನ್ನು ಮಗುವೇ ಆರಿಸಿಕೊಳ್ಳಲಿ. ನಮ್ಮವಳು ಶಾಲೆಯಿಂದ ಬಂದ ತಕ್ಷಣದ ಮೂರು ಗಂಟೆಯನ್ನು ತನ್ನದೆಂದು ಇಟ್ಟುಕೊಂಡಳು. ಆ ಹೊತ್ತಿನಲ್ಲಿ ನಾವು ಬ್ರೇಸ್ ಎಂಬ ಶಬ್ದವನ್ನೂ ಎತ್ತಬಾರದೆಂದು ಕರಾರು.

ಮೊದಲ ಮೂರು ತಿಂಗಳು ನಾನೊಬ್ಬ ಜೈಲರನಂತೆ ಗಡಿಯಾರ ಹಿಡಿದು ಓಡಾಡಿದೆ. ರಾತ್ರಿ ಕೋಣೆಗೆ ಹೋಗಿ ಹೊದಿಕೆಯ ಮೇಲೆ ಮೆಲ್ಲಗೆ ತಟ್ಟಿ, ಗಟ್ಟಿ ಪ್ಲಾಸ್ಟಿಕ್ ಸದ್ದು ಬರುತ್ತದೆಯೇ ಎಂದು ನೋಡುತ್ತಿದ್ದೆ. ಒಂದು ದಿನ ಅವಳು ಬ್ರೇಸನ್ನು ಹಾಕಿಕೊಳ್ಳದೆ ಬರೇ ಹೊದಿಕೆಯೊಳಗೆ ಪಕ್ಕದಲ್ಲಿಟ್ಟುಕೊಂಡು ಮಲಗಿದ್ದಳು. ತಟ್ಟಿದೆ, ಸದ್ದು ಬಂತು, ಸಮಾಧಾನದಿಂದ ಹೊರಬಂದೆ. ತಿಂಗಳಾದ ಮೇಲೆ ಅವಳೇ ನಗುತ್ತಾ ಹೇಳಿದಾಗ ನನ್ನ ಕಾವಲಿನ ಬೆಲೆ ತಿಳಿಯಿತು. ಆಮೇಲೆ ಒಂದು ನೋಟ್‌ಪುಸ್ತಕ ಅವಳ ಕೈಗೇ ಕೊಟ್ಟೆವು. ಹಾಕಿದ ಸಮಯ, ಬಿಚ್ಚಿದ ಸಮಯ ಅವಳೇ ಬರೆಯುತ್ತಿದ್ದಳು. ಮರುಭೇಟಿಯಲ್ಲಿ ಪುಸ್ತಕ ಹೋಗುತ್ತಿದ್ದುದು ನೇರ ವೈದ್ಯರ ಮುಂದೆ, ನಮ್ಮ ಮುಂದೆ ಅಲ್ಲ. ಗಂಟೆ ಏರಿದ್ದು ಆಗಲೇ. ಈಗ ಬ್ರೇಸ್‌ನೊಳಗೆ ಗಂಟೆ ಎಣಿಸುವ ಸಾಧನ ಇಡುವುದೂ ಇದೆ. ಇಡುವುದಾದರೆ ಮಗುವಿಗೆ ಹೇಳಿಯೇ ಇಡಿ.

ಒಂದು ದಿನ ತಪ್ಪಿದರೆ ಆಕಾಶ ಕಳಚಿ ಬೀಳುವುದಿಲ್ಲ. ಮದುವೆ ಮನೆ, ಶಾಲೆಯ ನಾಟಕ, ಜ್ವರ ಬಂದ ದಿನ, ಬಿಟ್ಟುಬಿಡಿ. ಮೂರು ದಿನ ತಪ್ಪಿದರೆ ಮಾತ್ರ, ಬೈಯುವ ಮೊದಲು, ಬ್ರೇಸ್ ಎಲ್ಲಾದರೂ ಚುಚ್ಚುತ್ತಿದೆಯೇ ಎಂದು ನೋಡಿ. ಹಟವೆಂದು ನಾವು ತಿಳಿದದ್ದು ಎರಡು ಸಲ ಕಂಕುಳ ಅಂಚಿನ ನೋವಾಗಿತ್ತು.

ಶಾಲೆ, ಊಟ, ಆಟ

ತರಗತಿ ಶಿಕ್ಷಕರಿಗೆ ಒಂದು ಚಿಕ್ಕ ಪತ್ರ ಕೊಡಿ: ಮಗು ನೆಲದಲ್ಲಿ ಕೂರುವುದು ಕಷ್ಟ, ಆಗಾಗ ಎದ್ದು ನಿಲ್ಲಬೇಕಾಗಬಹುದು, ಆಟದ ಅವಧಿಗೆ ಮೊದಲು ಬಿಚ್ಚಲು ಐದು ನಿಮಿಷ ಬೇಕು. ಗೆಳೆಯ ಗೆಳತಿಯರಿಗೆ ಯಾರಿಗೆ ಹೇಳಬೇಕೆಂಬುದು ಮಗುವಿನ ಇಷ್ಟ. ಆದರೆ ಪಟ್ಟಿ ಬಿಗಿಯಲು ಕಲಿತ ಒಬ್ಬರಾದರೂ ಶಾಲೆಯಲ್ಲಿದ್ದರೆ ಬಹಳ ಅನುಕೂಲ. ಬಟ್ಟೆ ಒಂದಳತೆ ದೊಡ್ಡದು ತೆಗೆದುಕೊಂಡರೆ ಬಹುಪಾಲು ಯಾರಿಗೂ ಗೊತ್ತಾಗುವುದಿಲ್ಲ.

ಹೊಟ್ಟೆ ಬಿಗಿದಿರುವುದರಿಂದ ಒಂದೇ ಸಲ ತುಂಬಾ ತಿಂದರೆ ಎದೆಯುರಿ. ಸ್ವಲ್ಪ ಸ್ವಲ್ಪ, ಹೆಚ್ಚು ಸಲ. ಬ್ರೇಸ್ ಕಾರಣಕ್ಕೆ ಮಗು ಊಟ ಬಿಡುತ್ತಿದ್ದರೆ ಅದು ಗಮನಿಸಬೇಕಾದ ವಿಷಯ, ಬೆಳೆಯುವ ವಯಸ್ಸು.

ಆಟ ನಿಲ್ಲಿಸಬೇಡಿ. ಓಟ, ಈಜು, ನೃತ್ಯ, ಎಲ್ಲವೂ ನಡೆಯಲಿ, ಬ್ರೇಸ್ ಬಿಚ್ಚಿ. ಇಡೀ ದಿನ ಬಿಗಿದಿಟ್ಟ ಮೈಗೆ ಸ್ನಾಯುಗಳ ಕೆಲಸ ಬೇಕೇ ಬೇಕು. ಜರ್ಮನಿಯ ಕಟರೀನಾ ಶ್ರೋತ್ ಹೆಸರಿನ ವ್ಯಾಯಾಮ ಪದ್ಧತಿಯಂಥವು ಸ್ಕೋಲಿಯೋಸಿಸ್‌ಗೆಂದೇ ರೂಪುಗೊಂಡಿವೆ. ತರಬೇತಾದವರು ಸಿಕ್ಕರೆ ಕಲಿಸಿ. ಅವು ಬ್ರೇಸ್‌ನ ಜೊತೆಗೆ, ಅದರ ಬದಲಿಗೆ ಅಲ್ಲ. ಮಾಲೀಸಿನಿಂದ, ಎಳೆದು ಮುರಿಯುವುದರಿಂದ ಬೆನ್ನು ನೆಟ್ಟಗೆ ಮಾಡುತ್ತೇವೆ ಎನ್ನುವವರಿಗೆ ದೂರದಿಂದಲೇ ಕೈಮುಗಿಯಿರಿ.

ಕಾಯದೆ ವೈದ್ಯರಿಗೆ ತೋರಿಸಬೇಕಾದದ್ದು

ನಿದ್ದೆಯಿಂದ ಎಬ್ಬಿಸುವ ಬೆನ್ನುನೋವು, ಕಾಲಿನಲ್ಲಿ ಬಲಹೀನತೆ, ನಡಿಗೆಯಲ್ಲಿ ಬದಲಾವಣೆ, ಮೂತ್ರ ಮಲದ ಹಿಡಿತ ತಪ್ಪುವುದು, ಉಸಿರಾಟದ ತೊಂದರೆ. ಇವನ್ನು ಬ್ರೇಸ್‌ನ ಲೆಕ್ಕಕ್ಕೆ ಹಾಕಿ ಸುಮ್ಮನಿರಬಾರದು. ತೊಡೆಯ ಹೊರಮಗ್ಗುಲು ಜೋಮು ಹಿಡಿದರೆ ಬಹುಶಃ ಬ್ರೇಸ್‌ನ ಕೆಳಅಂಚು ಅಲ್ಲಿನ ನರವನ್ನು ಒತ್ತುತ್ತಿದೆ, ಅಂಚು ತಿದ್ದಿಸಬೇಕು.

ಮರುಭೇಟಿಗಳು, ಮತ್ತು ಬಿಡಿಸುವುದು

ನಾಲ್ಕರಿಂದ ಆರು ತಿಂಗಳಿಗೊಮ್ಮೆ ತಪಾಸಣೆ. ಎಕ್ಸ್‌ರೇಗೆ ಎಷ್ಟು ಗಂಟೆ ಮೊದಲು ಬ್ರೇಸ್ ಬಿಚ್ಚಿರಬೇಕು ಎಂದು ಮೊದಲೇ ಕೇಳಿಕೊಳ್ಳಿ, ಪ್ರತಿ ಸಲವೂ ಅಷ್ಟೇ ಇರಲಿ. ಇಲ್ಲದಿದ್ದರೆ ಎರಡು ಎಕ್ಸ್‌ರೇಗಳನ್ನು ಹೋಲಿಸಿ ಉಪಯೋಗವಿಲ್ಲ. ಮನೆಯಲ್ಲಿ ಪ್ರತಿ ತಿಂಗಳು ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕಿ. ಪಟ್ಟಿ ಗೆರೆ ಮುಟ್ಟದಿದ್ದರೆ, ಸೊಂಟದ ತಗ್ಗು ಮೇಲಕ್ಕೆ ಜಾರಿದ್ದರೆ, ಮಗು ಬ್ರೇಸನ್ನು ಮೀರಿ ಬೆಳೆದಿದೆ ಎಂದರ್ಥ. ನಮಗೆ ಎರಡನೆಯದು ಮಾಡಿಸಬೇಕಾಯಿತು. ಅದರ ಖರ್ಚನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳುವುದು ಜಾಣತನ.

ಬಿಡಿಸುವ ಕಾಲವನ್ನು ನಿರ್ಧರಿಸುವುದು ವಯಸ್ಸಲ್ಲ, ಮೂಳೆ. ಆರು ತಿಂಗಳಿಂದ ಎತ್ತರ ಏರಿಲ್ಲ, ಹೆಣ್ಣುಮಕ್ಕಳಲ್ಲಿ ಮುಟ್ಟು ಶುರುವಾಗಿ ಸುಮಾರು ಎರಡು ವರ್ಷ ಕಳೆದಿದೆ, ರಿಸ್ಸರ್ 4ಕ್ಕೆ ಬಂದಿದೆ ಎಂದರೆ ಹತ್ತಿರ ಬಂದಂತೆ. ಗಂಡುಮಕ್ಕಳು ಇನ್ನೂ ತಡವಾಗಿ ಬೆಳೆಯುವುದರಿಂದ ಅವರ ಬ್ರೇಸ್ ಹೆಚ್ಚು ಕಾಲ ಇರುತ್ತದೆ. ಕೆಲವು ವೈದ್ಯರು ಒಮ್ಮೆಲೇ ಬಿಡಿಸುತ್ತಾರೆ, ಕೆಲವರು ಕೆಲವು ತಿಂಗಳು ರಾತ್ರಿಗೆ ಮಾತ್ರ ಇಳಿಸಿ ಆಮೇಲೆ ಬಿಡಿಸುತ್ತಾರೆ. ಬಿಡಿಸಿದ ಮೇಲೆ ಬಾಗು ಕೆಲವು ಡಿಗ್ರಿ ಮತ್ತೆ ಹೆಚ್ಚುವುದುಂಟು, ಆದ್ದರಿಂದ ಕೆಲವು ತಿಂಗಳ ನಂತರ ಇನ್ನೊಂದು ಎಕ್ಸ್‌ರೇ ತೆಗೆಯುತ್ತಾರೆ. 30 ಡಿಗ್ರಿಯೊಳಗೆ ನಿಂತ ಬಾಗು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ಹೆಚ್ಚುವುದಿಲ್ಲ. 50 ದಾಟಿದ್ದು ನಿಧಾನವಾಗಿ ಹೆಚ್ಚುತ್ತಾ ಹೋಗಬಹುದು. ನಡುವಿನವರು ವೈದ್ಯರು ಹೇಳಿದಷ್ಟು ವರ್ಷಕ್ಕೊಮ್ಮೆ ತೋರಿಸಿಕೊಳ್ಳುತ್ತಿರಬೇಕು, ಆ ಹೊತ್ತಿಗೆ ಮಗು ಎಲ್ಲಿರುತ್ತದೋ. ಎಕ್ಸ್‌ರೇಗಳ ಆ ಕಡತವನ್ನು ಮಗುವಿನ ಹೆಸರಿನಲ್ಲೇ ಮಾಡಿ, ಮಗುವಿನ ಕೈಗೇ ಕೊಡಿ. ನಮ್ಮವಳದರ ಮೊದಲ ಪುಟದಲ್ಲಿ 31 ಎಂದಿದೆ, ಕೊನೆಯದರಲ್ಲಿ 29.